ಕಡೆಯ ನುಡಿಯ ಹೆಸರು

ಜುಲೈ 1, ಮಂಗಳವಾರ
ಒಂಬತ್ತನೇ ತರಗತಿಗೆ ಅತಿಶಯೋಕ್ತಿ ಮುಗಿಸಿದೆ. ಇದ್ದದ್ದನ್ನು ಮೀರಿ ಹೇಳುವುದು ಅಂತ ಬೋರ್ಡಿನ ಮೇಲೆ ಬರೆದೆ. ಉದಾಹರಣೆ ಕೇಳಿದರೆ ಒಬ್ಬಳು ಎದ್ದಳು— "ನಮ್ಮವ್ವ ದಿನಾ ಚರ್ಮ ಸುಲಿತೀನಿ ಅಂತಾಳ್ರೀ ಟೀಚರ್. ಇನ್ನಾ ಸುಲ್ದಿಲ್ರೀ." ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ.

ಜುಲೈ 3, ಗುರುವಾರ
ಸಂಜೆ ಅಲಾಯಿ ಕುಣಿಯ ಬೆಂಕಿಯ ಮುಂದೆ ಮೊಹರಂ ಪದ. ನಮ್ಮ ಪಾಮನಕಲ್ಲೂರಿನ ಮೇಳಕ್ಕೆ ನನ್ನ ತಮ್ಮ ಆಂಜನೇಯ, ಎದುರಿಗೆ ಗುರುಗುಂಟಾದ ಬಸ್ಸಪ್ಪ. ಇಬ್ಬರೂ ಜಿಲಾನಿಸಾಬರ ಶಿಷ್ಯರು. ಬಸ್ಸಪ್ಪ ಹಾಡಿದ್ದು ಸಾಬರೇ ಕಟ್ಟಿದ ಪದ. ಕಡೆಯ ನುಡಿಯಲ್ಲಿ ಕಟ್ಟಿದವರ ಹೆಸರು ಬರಬೇಕು— ಅಂಕಿತ. ಇವನು ಸಾಬರ ಹೆಸರು ತೆಗೆದು ತನ್ನದು ಹಾಕಿಕೊಂಡ! ಪ್ರಾಸ ಕೆಟ್ಟಿದ್ದು ನನ್ನ ಕಿವಿಗೂ ಬಡಿಯಿತು.

ಆಂಜನೇಯ ಬಾರಿಸುತ್ತಿದ್ದ ಹಲಗೆ ಎಸೆದು ಮೈಮೇಲೆ ಹೋದ. ಮಂದಿ ಬಿಡಿಸಿದರು. ಮನೆಯಲ್ಲಿ ರೊಟ್ಟಿ ಮುಟ್ಟಲಿಲ್ಲ.
"ಉಸ್ತಾದರ ಹೆಸರು ನುಂಗ್ಯಾನಕ್ಕಾ. ಅವನ ನಾಲಿಗಿ ಕೊಯ್ತೀನಿ."
"ಆತು, ಕೊಯ್ಯಿ. ಮೊದ್ಲ ಉಣ್ಣು."
ನಾಳೆಯ ಕ್ಲಾಸಿಗೊಂದು ಉದಾಹರಣೆ ಸಿಕ್ಕಿತು ಅಂದುಕೊಂಡೆ. ನಗು ಬಂತು.

ಜುಲೈ 4, ಶುಕ್ರವಾರ, ಸಂಜೆ
ಕೊಯ್ದುಬಿಟ್ಟ.

ಮಸ್ಕಿಯಲ್ಲಿ, ಚಹಾದಂಗಡಿ ಮುಂದೆ. ಬಸ್ಸಪ್ಪನನ್ನು ಕೆಡವಿ, ಎದೆಯ ಮೇಲೆ ಕೂತು, ಬಾಯಿಗೆ ಕುಡುಗೋಲು ಹಾಕಿದನಂತೆ. ತುಟಿ, ಕೆನ್ನೆ, ನಾಲಿಗೆ... ಹಲ್ಲು ರಸ್ತೆಗೆ ಬಿದ್ದಿದ್ದವಂತೆ. ಲಿಂಗಸುಗೂರಿನ ದವಾಖಾನೆಗೆ ಒಯ್ದಿದ್ದಾರೆ.

ಮೊಣಕೈವರೆಗೆ ರಕ್ತ ಮೆತ್ತಿಕೊಂಡೇ ಮನೆಗೆ ಬಂದ. ತೊಳೆಯಲಿಲ್ಲ. ನಾನು ಚೀರಿದೆ. "ಹೇಳಿದ್ನಲ್ಲಕ್ಕಾ" ಅಂದ, ಅಷ್ಟೇ. ಪೊಲೀಸರು ಬರುವ ತನಕ ಕಟ್ಟೆಯ ಮೇಲೆ ಕೂತಿದ್ದ. ಕಟ್ಟೆ ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ.

ಜುಲೈ 6, ಭಾನುವಾರ, ಬೆಳಿಗ್ಗೆ
ಅಲಾಯಿ ದೇವರು ಹೊಳೆಗೆ ಹೋಗುವ ದಿನ. ಊರಲ್ಲಿ ಹಲಗೆಯ ಸದ್ದಿಲ್ಲ.

ಜಿಲಾನಿಸಾಬರು ಬಂದಿದ್ದರು. ನೀರು ಕೊಟ್ಟರೆ ಕುಡಿಯಲಿಲ್ಲ.
"ನಾನೇ ಕೊಟ್ಟಿದ್ದೆ ಬೇಟಿ. ಈ ಸಲ ನಿನ್ನ ಹೆಸರು ಹಾಕ್ಕೊಂಡು ಹಾಡಪಾ ಅಂತ ಬಸ್ಸಪ್ಪಗ ನಾನೇ ಹೇಳಿದ್ದೆ. ಮುಂದಿನ ವರ್ಷ ನಿಮ್ಮ ಆಂಜನೇಯಗೂ ಒಂದು ಪದ ಕೊಡಾಂವ ಇದ್ದೆ... ಇನ್ನ ಬಸ್ಸಪ್ಪ ಹಾಡಂಗಿಲ್ಲಂತ."

ಮೊದಲೇ ಹೇಳಬೇಕಿತ್ತಲ್ಲ ಮುದುಕ! ಮೈಯೆಲ್ಲ ಸಿಟ್ಟು ಹತ್ತಿ ಉರಿಯಿತು. ಸಾಬರ ಮೇಲಲ್ಲ. ಅವತ್ತು ನಕ್ಕೆನಲ್ಲ, ಆ ನನ್ನ ಮೇಲೆ.

ಅದೇ ದಿನ, ಸಂಜೆ 6
ಬಸ್ಸಪ್ಪನ ಅಣ್ಣಂದಿರು ಟ್ರ್ಯಾಕ್ಟರ್ ತುಂಬಾ ಮಂದಿ ಕರೆದುಕೊಂಡು ಬಂದಿದ್ದಾರೆ. ಬಾಗಿಲಿಗೆ ಕಲ್ಲು ಬೀಳುತ್ತಿವೆ. ಪೊಲೀಸರಿಗೆ ಫೋನ್ ಮಾಡಿದ್ದೇನೆ, ಮಸ್ಕಿಯಿಂದ ಬರಬೇಕು. ಕೈ ಸುಮ್ಮನಿರುತ್ತಿಲ್ಲ, ಬರೆಯುತ್ತಿದ್ದೇನೆ.
"ಹೊರಗ ಬರ್ರಿಲೇ! ಮನಿ ಸಮೇತ ಸುಡ್ತೀವಿ!"
"ಸಿಟ್ಟಿನಾಗ ಅಂತಾರ, ಹೋಗ್ತಾರ ಬಿಡು" ಅನ್ನುತ್ತಿದ್ದಾಳೆ ಅವ್ವ. ಒಲೆಯ ಮುಂದಿಂದ ಏಳುತ್ತಿಲ್ಲ.

ಈ ಸಲ ನಾನು ನಗಲಿಲ್ಲ. ಬಾಗಿಲ ಸಂದಿಯಿಂದ ಪೆಟ್ರೋಲ್ ಒಳಗೆ ಹರಿಯುತ್ತಿದೆ. ಮೊದಲು ಒಲೆ ಆರಿಸಬೇಕು. ಅವ್ವನನ್ನು ಹಿತ್ತಲ ಬಾಗಿಲಿಂದ—