ಅಂಚೆಯವರ ಬಿಯರ್ ಬಂಡಿ

ಜೂನ್ 10, 2017. ಶನಿವಾರ

ಬೆಳಗ್ಗೆ ಬೌಕೆ ಮತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟ. ಕಾಲು ನೆಲಕ್ಕೆ ಅಂಟಿದ ಹಾಗೆ. ನನ್ನ ಪಾದವನ್ನು ಅವನ ಪಾದದ ಮುಂದೆ ಅಡ್ಡ ಇಟ್ಟೆ. ಅದನ್ನು ದಾಟುವ ನೆಪದಲ್ಲಿ ಹೆಜ್ಜೆ ಎತ್ತಿದ. ದಿನವೂ ಇದೇ. ಗಂಡನಿಗೆ ಪಾರ್ಕಿನ್ಸನ್ ಬಂದ ಮನೆಯಲ್ಲಿ ಇದು ಹಲ್ಲುಜ್ಜಿದಷ್ಟೇ ಸಹಜ.

ಮಧ್ಯಾಹ್ನ ಕಾಲುವೆ ದಂಡೆಯಲ್ಲಿ ಬಿಯರ್ ಬಂಡಿ. ಇವತ್ತಿನವರು ಗೆಳೆಯನ ಮದುವೆಗೆ ಮುಂಚಿನ ಮೋಜಿಗೆ ಬಂದ ಇಂಗ್ಲೆಂಡಿನ ಹುಡುಗರು, ಮದುಮಗನಿಗೆ ಹಸುವಿನ ವೇಷ. ಎರಡೂ ಬದಿ ಕೂತು, ನಡುವಿನ ಮೇಜಿನ ಮೇಲೆ ಗ್ಲಾಸಿಟ್ಟುಕೊಂಡು, ಕೆಳಗೆ ಪೆಡಲ್ ತುಳಿಯುತ್ತಾ ಊರು ನೋಡುವುದಂತೆ. ಸೇತುವೆಯ ಏರು ಹತ್ತಲಾಗದೆ ನಮ್ಮ ಮನೆ ಮುಂದೆಯೇ ನಿಂತರು. ಒಬ್ಬ ಇಳಿದು ಬಂದು ನನ್ನ ಹೂಕುಂಡಕ್ಕೆ ಉಚ್ಚೆ ಹೊಯ್ದ. ಮೇಲಿನಿಂದ ಒಂದು ಬಕೆಟ್ ನೀರು ಸುರಿದೆ. ಕುಂಡಕ್ಕಲ್ಲ.

ಬೌಕೆ ಕಿಟಕಿಯಲ್ಲಿ ಕೂತು ನಗುತ್ತಿದ್ದ. ಅವನ ಮುಖ ಈಗೀಗ ನಗುವುದಿಲ್ಲ, ಭುಜ ಮಾತ್ರ ಅಲ್ಲಾಡುತ್ತದೆ.

"ಮುಂದೆ ಕೂತವನು ಹ್ಯಾಂಡಲ್ ನೋಡ್ಕೋತಾನೆ. ಉಳಿದವರದ್ದು ಬರೀ ಕಾಲು. ಬೀಳೋ ಭಯಾನೇ ಇಲ್ಲ ನೋಡು."

"ಬುದ್ಧೀನೂ ಇಲ್ಲ" ಅಂದೆ.


ಜೂನ್ 14, ಬುಧವಾರ

ಫಿಸಿಯೋ ಹತ್ತಿರ ಹೋಗಿದ್ದೆವು. ಕಾರಿನಿಂದ ಒಳಗೆ ಹೋಗಲು ಸಾಕುಸಾಕಾಯಿತು. ಆಮೇಲೆ ಆ ಹುಡುಗಿ ಅವನನ್ನು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಕೂರಿಸಿದಳು... ನಂಬಲಾಗಲಿಲ್ಲ. ಒಂದು ಹೊಸ್ತಿಲು ದಾಟಲಾಗದ ಮನುಷ್ಯ, ಕಾಲು ಗಿರಗಿರ. ಉಸಿರು ಕೂಡ ಬಿಗಿಯಲಿಲ್ಲ. ಕೆಲವರಿಗೆ ಹಾಗಂತೆ, ನಡಿಗೆ ಹೋದರೂ ಸೈಕಲ್ ಉಳಿದಿರುತ್ತದಂತೆ. ಯಾಕೆ ಅಂತ ಅವಳಿಗೂ ಸರಿಯಾಗಿ ಗೊತ್ತಿಲ್ಲ.

ಮನೆಗೆ ಬಂದವನೇ ಕೇಳಿದ: "ನನ್ನ ಸೈಕಲ್ ಎಲ್ಲಿ?"

ಕೊಟ್ಟುಬಿಟ್ಟಿದ್ದೇನೆ, ಚಳಿಗಾಲದಲ್ಲೇ. ಟ್ರಾಮ್ ಎದುರು ಬಿದ್ದ ಮೇಲೆ. ಅವನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದ. ಆಮ್‌ಸ್ಟರ್‌ಡಾಮಿನಲ್ಲಿ ಒಂದು ಆಯುಷ್ಯವೆಲ್ಲ ಸೈಕಲ್ ಮೇಲೆ ಅಂಚೆ ಹಂಚಿದವನು.

ಈಗ ಹೇಳಿದೆ. ಅವನು ಕಿಟಕಿಯತ್ತ ತಿರುಗಿ ಕೂತ. ಆಮೇಲೆ: "ಹಾಗಾದ್ರೆ ಆ ಬಂಡಿ."

"ಯಾವ ಬಂಡಿ?"

"ಬಿಯರ್ ಬಂಡಿ. ಊರು ನೋಡ್ಬೇಕು ಹೆನ್ನಿ. ಒಂದು ಸಲ."

"ದೋಣೀಲಿ ಹೋಗೋಣ. ಚೆನ್ನಾಗಿರತ್ತೆ, ಮೇಲೆ ಗಾಜು, ಕೂತ್ಕೊಂಡೇ ಎಲ್ಲಾ ನೋಡ್ಬಹುದು."

"ದೋಣೀಲಿ ನಾನು ಸಾಮಾನು. ವೀಲ್‌ಚೇರಲ್ಲೂ ಸಾಮಾನು. ಆ ಬಂಡೀಲಿ ನನ್ನ ಕಾಲು ಕೆಲ್ಸ ಮಾಡತ್ತೆ ಕಣೇ."

ಬಟಾಟೆ ಸುಲಿಯುತ್ತಾ ಇದ್ದೆ. ಸುಲಿಯುತ್ತಲೇ ಇದ್ದೆ. ದಂಡೆ ನಿವಾಸಿಗಳ ಸಮಿತಿಗೆ ನಾನು ಕಾರ್ಯದರ್ಶಿ. ಆ ಬಂಡಿಗಳನ್ನು ಊರ ನಡುವಿನಿಂದ ಓಡಿಸಬೇಕು ಅಂತ ಮನೆಮನೆ ಹತ್ತಿ ಸಹಿ ತಂದವಳು ನಾನು. ಅದು ಅವನಿಗೂ ಗೊತ್ತು.


ಜುಲೈ 2, ಭಾನುವಾರ

ಸಮಿತಿ ನಮ್ಮ ಮನೆಯಲ್ಲಿ ಸೇರಿತ್ತು. ಮೇಲಿನ ಮನೆಯ ಓಡಿಲ್ಯಾ ಅಧ್ಯಕ್ಷೆ. ಬಂಡಿ ನಿಷೇಧದ ಕೋರ್ಟಿನ ವಿಷಯವೆಲ್ಲ ಮುಗಿದು ಕಾಫಿ ಆಗುವಾಗ ಹೇಳಿಬಿಟ್ಟೆ, ತಮಾಷೆಗೆ: "ನಮ್ಮ ಮನೆಯವರಿಗೆ ಈಗ ಆ ಬಂಡಿ ಹತ್ತೋ ಆಸೆ ಬಂದಿದೆ."

ಎಲ್ಲರೂ ನಕ್ಕರು. ಓಡಿಲ್ಯಾ ಮಾತ್ರ, "ಅವರಿಗೆ ಯಾಕಂತೆ?" ಎಂದು ಕೇಳಿದರು. ನಾನು ಬಿಡಿ ಅನ್ನುವಂತೆ ಕೈ ಬೀಸಿದೆ. ಇನ್ನಷ್ಟು ನಗು.

ಪಕ್ಕದ ಕೋಣೆ ಬಾಗಿಲು ತೆರೆದೇ ಇತ್ತು. ಬೌಕೆ ಅಲ್ಲೇ ಕೂತಿದ್ದ.

ಸಂಜೆ ಬಟಾಣಿ ಸೂಪು. ಚಮಚ ನಡುಗಿ ಅರ್ಧ ಮೇಜಿನ ಮೇಲೆ ಚೆಲ್ಲಿತು. ಒರೆಸಲು ಹೋದೆ. "ಬಿಡು" ಅಂದ. ಅಷ್ಟೇ.


ಆಗಸ್ಟ್ 19, ಶನಿವಾರ

ಬರೆದು ಎಷ್ಟೋ ದಿನ ಆಯಿತು. ಬರೆಯಲು ಏನಿತ್ತು. ಅವನು ಸುಮ್ಮನಿದ್ದ. ನಾನೂ.

ಇವತ್ತು ವೂಟರ್ ಬಂದ. ಇವರಿಬ್ಬರೂ ಒಂದೇ ದಿನ ಅಂಚೆಗೆ ಸೇರಿದವರು. ಬೌಕೆಗೆ ಎಪ್ಪತ್ತು ತುಂಬುವ ದಿನಕ್ಕೆ ಅಂಚೆಯ ಹಳಬರನ್ನೆಲ್ಲ ಸೇರಿಸಿ ಬಿಯರ್ ಬಂಡಿ ಬುಕ್ ಮಾಡಿದ್ದಾನೆ. ನನಗೆ ಹೇಳದೆ ಇಬ್ಬರೂ ಫೋನಿನಲ್ಲೇ ಮುಗಿಸಿಕೊಂಡಿದ್ದಾರೆ.

"ನೀನೂ ಬಾ ಹೆನ್ನಿ. ಒಂದು ಸೀಟು ಇಟ್ಟಿದೀನಿ. ಅವನ ಪಕ್ಕಾನೇ."

"ನಾನು? ಅದ್ರ ಮೇಲೆ? ಈ ದಂಡೇಲಿ ಎಲ್ರ ಎದುರು?"

"ಟೋಪಿ ಹಾಕ್ಕೋ. ಗುರುತು ಸಿಗಲ್ಲ."

ಬೌಕೆಯ ಭುಜ ಅಲ್ಲಾಡಿತು. ನನಗೆ ಸಿಟ್ಟು ಬಂತು. "ಹೋಗೋದಾದ್ರೆ ಹೋಗು. ನಮ್ಮ ಮನೆ ಮುಂದೆ ಮಾತ್ರ ಬರ್ಬೇಡ" ಅಂದೆ.

"ರೂಟು ಅವರದ್ದು" ಅಂದ ಬೌಕೆ. "ನಂದಲ್ಲ."


ಸೆಪ್ಟೆಂಬರ್ 9, ಶನಿವಾರ

ಎಲ್ಲವನ್ನೂ ಬರೆಯಬೇಕು. ಇಲ್ಲದಿದ್ದರೆ ನಾಳೆ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ.

ಓಡಿಲ್ಯಾ ಒಬ್ಬ ಪತ್ರಿಕೆಯವನನ್ನು ಕರೆತರುತ್ತೇನೆ ಅಂದಿದ್ದರು. ನಮ್ಮ ಕಿಟಕಿಯಿಂದ ಸೇತುವೆ ಪೂರ್ತಿ ಕಾಣುತ್ತದೆ, ಗಲಾಟೆ ಹೇಗಿರುತ್ತದೆ ಅಂತ ಅವನೇ ನೋಡಲಿ. ದಿನ ಇವತ್ತೇ ಬಿತ್ತು. ಬೇರೆ ದಿನ ಅನ್ನಬಹುದಿತ್ತು. ಯಾಕೆ ಅಂತ ಕೇಳುತ್ತಾರಲ್ಲ ಎಂದು ಅನ್ನಲಿಲ್ಲ.

ವೂಟರ್ ಬಂದು ಬೌಕೆಯನ್ನು ಕರೆದುಕೊಂಡು ಹೋದ. ಬೌಕೆ ಹಳೆಯ ಅಂಚೆ ಜಾಕೆಟ್ಟು ಹಾಕಿಕೊಂಡಿದ್ದ. ಗುಂಡಿ ನಾನೇ ಹಾಕಿದೆ. "ಹುಟ್ಟುಹಬ್ಬದ ಶುಭಾಶಯ" ಅಂದೆ, ಗುಂಡಿ ನೋಡುತ್ತಲೇ.

ಮೂರು ಗಂಟೆ ಹೊತ್ತಿಗೆ ಹಾಡು ಕೇಳಿಸಿತು. ಪತ್ರಿಕೆಯವನು ಕ್ಯಾಮೆರಾ ಎತ್ತಿದ. ಓಡಿಲ್ಯಾ ಅವನ ಒಂದು ಪಕ್ಕ, ನಾನು ಇನ್ನೊಂದು ಪಕ್ಕ. ಬಂಡಿ ಸೇತುವೆಯ ಏರಿಗೆ ಬಂತು. ಬಿಳಿ ತಲೆಗಳು, ಬೋಳು ತಲೆಗಳು. ಎಲ್ಲರೂ ಎದ್ದೆದ್ದು ತುಳಿಯುತ್ತಿದ್ದರು. ನಡುವೆ ಬೌಕೆ. ಅವನ ಮೊಣಕಾಲು ಮೇಲೆ ಕೆಳಗೆ, ಮೇಲೆ ಕೆಳಗೆ, ಯಾರಿಗೂ ಕಡಿಮೆಯಿಲ್ಲದಂತೆ. ಮುಖ... ಆ ಮುಖವನ್ನು ನೋಡದೆ ಎಷ್ಟು ವರ್ಷವಾಗಿತ್ತು. ಬಾಯಿ ಪೂರ್ತಿ ತೆರೆದು ನಗುತ್ತಿದ್ದ.

ಬಂಡಿ ಏರು ಹತ್ತಿ ನಿಂತಿತು. ಬೌಕೆ ನಮ್ಮ ಕಿಟಕಿಯತ್ತ ತಿರುಗಿ ಗ್ಲಾಸು ಎತ್ತಿದ. ಅದರಲ್ಲಿದ್ದದ್ದು ಸೇಬಿನ ರಸ, ಮಾತ್ರೆ ತಗೊಳ್ಳುವವನು. ಕೂಗಿದ: "ಹೆನ್ನೀ."

ನಾನು ಒಂದು ಹೆಜ್ಜೆ ಹಿಂದೆ ಸರಿದು ಪರದೆಯ ಮರೆಗೆ ಹೋದೆ.

ಮತ್ತೆ ಕೂಗಿದ. ಬಂಡಿಯ ಮೇಲಿದ್ದವರೆಲ್ಲ ಸೇರಿ ಕೂಗಿದರು. ಹೆನ್ನೀ, ಹೆನ್ನೀ.

"ನಿಮಗೆ ಗೊತ್ತಿರೋರಾ?" ಪತ್ರಿಕೆಯವನು ನಮ್ಮಿಬ್ಬರನ್ನೂ ಕೇಳಿದ.

ಓಡಿಲ್ಯಾ ನನ್ನತ್ತ ನೋಡಿದರು.

"ಇಲ್ಲ" ಅಂದೆ ನಾನು.

ಸಂಜೆ ಇಬ್ಬರು ಅವನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸಿದರು. ಮೈಯೆಲ್ಲ ಬೇರೆಯವರ ಬಿಯರಿನ ವಾಸನೆ. ಮಾತು ನಿಲ್ಲಿಸಲೇ ಇಲ್ಲ. ದೊಡ್ಡ ಅಂಚೆ ಕಚೇರಿ ಪೂರ್ತಿ ಬಟ್ಟೆ ಅಂಗಡಿಯಾಗಿದೆಯಂತೆ. ಇವನಿಗೆ ನಾಯಿ ಕಚ್ಚಿದ ಮನೆಯ ಬಾಗಿಲಿಗೆ ಈಗ ಹಸಿರು ಬಣ್ಣವಂತೆ. ಚರ್ಚಿನ ಹಿಂದೆ ಒಬ್ಬ ಮುದುಕಿ ಇವನನ್ನು ಗುರುತಿಸಿ, ನನ್ನ ಕಾಗದ ಎಲ್ಲಿ ಅಂತ ಕೇಳಿದಳಂತೆ. ಕೊನೆಗೆ ಕೇಳಿದ:

"ನೀನು ಮನೇಲಿರ್ಲಿಲ್ವಾ? ಕೂಗಿದ್ವಿ."

"ಅಂಗಡಿಗೆ ಹೋಗಿದ್ದೆ."

"ಛೇ. ನೋಡ್ಬೇಕಿತ್ತು ನೀನು. ಸೇತುವೆ ಹತ್ಸಿದ್ದು ನಾನು ಅಂತಾರೆ ಎಲ್ರೂ."


ಸೆಪ್ಟೆಂಬರ್ 12, ಮಂಗಳವಾರ

ಪತ್ರಿಕೆಯಲ್ಲಿ ಬಂದಿದೆ. ದೊಡ್ಡ ಚಿತ್ರ. ಗ್ಲಾಸು ಎತ್ತಿದ ಬೌಕೆ ನಟ್ಟನಡುವೆ. ಕೆಳಗೆ: ಕುಡಿದು ಕೂಗಾಡುವ ಪ್ರವಾಸಿಗರು, ಬೇಸತ್ತ ನಿವಾಸಿಗಳು.

ಬಚ್ಚಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ವೂಟರ್ ಫೋನ್ ಮಾಡಿ ನಗುತ್ತಾ ಹೇಳಿಬಿಟ್ಟಿದ್ದ. ಬೌಕೆ ತರಿಸಿಕೊಂಡು ನೋಡಿದ. ಬಹಳ ಹೊತ್ತು ನೋಡಿದ. ಚಿತ್ರದ ಒಂದು ಅಂಚಿನಲ್ಲಿ ನಮ್ಮ ಪರದೆಯ ಹೂವು ಇದೆ. ನನ್ನ ಅಮ್ಮ ಹಾಕಿದ ಕಸೂತಿ. ಬೇರೆ ಮನೆಯದ್ದು ಅನ್ನಲಾಗದು.

"ನಮ್ಮ ಕಿಟಕಿಯಿಂದ ತೆಗ್ದಿದ್ದು" ಅಂದ.

ನಾನು ಮೇಜು ಒರೆಸತೊಡಗಿದೆ.

ಪತ್ರಿಕೆಯನ್ನು ಮಡಚಲು ನೋಡಿದ, ಕೈ ಬಾರಲಿಲ್ಲ. ನಾನು ಮಡಚಿ ಕೊಟ್ಟೆ.

"ನನ್ನ ಫೋಟೋ ಚೆನ್ನಾಗಿ ಬಂದಿದೆ" ಅಂದ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.


ಅಕ್ಟೋಬರ್ 31, ಮಂಗಳವಾರ

ಕೋರ್ಟು ನಮ್ಮ ಕಡೆ ಹೇಳಿತು. ನಾಳೆಯಿಂದ ಊರ ನಡುವೆ ಬಿಯರ್ ಬಂಡಿ ಇಲ್ಲ.

ಓಡಿಲ್ಯಾ ಸೇಬಿನ ಕೇಕು ತಂದರು. ತಬ್ಬಿಕೊಂಡರು. ನಾವು ತಿಂದೆವು. ಬೌಕೆ ಮಲಗಿದ್ದ. ಈ ತಿಂಗಳ ಮೊದಲಲ್ಲಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಹೆಚ್ಚಾಗಿ ಮಲಗಿಯೇ ಇರುತ್ತಾನೆ. ಆಪರೇಷನ್ ಆಯಿತು. ಮೂಳೆ ಕೂಡುತ್ತದೆ, ಉಳಿದದ್ದು ಹೇಳಲಾಗದು ಅಂದರು ಡಾಕ್ಟರು.

"ಗೆದ್ದ ಮುಖ ಅಲ್ಲ ಇದು" ಅಂದರು ಓಡಿಲ್ಯಾ.

ಕೇಳಿಬಿಟ್ಟೆ: "ಅವತ್ತು ನೀವು ಹೇಳಬಹುದಿತ್ತು, ಅವರು ಇವರ ಗಂಡ ಅಂತ."

ಅವರು ತಟ್ಟೆ ಕೆಳಗಿಟ್ಟರು. "ನೀವು ಹೇಳ್ತೀರಿ ಅಂತ ಕಾದೆ, ಹೆನ್ನಿ. ಹೇಳಿದ್ದಿದ್ರೆ ನಾನೂ ಅವರತ್ತ ಕೈ ಬೀಸ್ತಿದ್ದೆ. ನನಗೆ ಕುಡಿದು ಕಿರುಚೋರು ಬೇಡ. ಬೌಕೆ ಬೇಡ ಅಂತ ನಾನು ಯಾವತ್ತು ಅಂದೆ?"

ಕಿಟಕಿಯ ಕೆಳಗೆ ಕೊನೆಯ ಬಂಡಿಗಳು ಹೋದವು. ಯಾವ ಊರಿನವರೋ. ಕೆಟ್ಟದಾಗಿ ಹಾಡುತ್ತಿದ್ದರು. ಒಳಗೆ ಹೋಗಿ ನೋಡಿದೆ. ಬೌಕೆ ಎಚ್ಚರವಾಗಿದ್ದ, ಗೋಡೆಯ ಕಡೆ ತಿರುಗಿ ಕೇಳಿಸಿಕೊಳ್ಳುತ್ತಿದ್ದ. ಹೊದಿಕೆಯ ಕೆಳಗೆ ಕಾಲು ಅಲುಗುತ್ತಿತ್ತು. ನಡುಕವೋ ಬೇರೆಯೋ, ತಿಳಿಯಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಸಮಿತಿಗೆ ರಾಜೀನಾಮೆ ಕೊಟ್ಟೆ. ಕೆಲಸ ಮುಗಿದ ಮೇಲೆ ಕೊಟ್ಟ ರಾಜೀನಾಮೆ.


ಏಪ್ರಿಲ್ 14, 2018. ಶನಿವಾರ

ಚಳಿಗಾಲದ ಬಗ್ಗೆ ಬರೆಯುವುದಿಲ್ಲ.

ಬಂಡಿಯವರು ಈಗ ನೀರಿನ ಆಚೆ ದಡದಲ್ಲಿ ಓಡಿಸುತ್ತಾರೆ, ಹಳೆ ಹಡಗುಕಟ್ಟೆಯ ಕಡೆ. ವೂಟರಿಗೆ ನಾನೇ ಫೋನ್ ಮಾಡಿದೆ. "ಈ ಸಲ ನಾನೂ ಬರ್ತೀನಿ" ಅಂದೆ. ಅವನು, "ಟೋಪಿ ತಗೊಂಡು ಬಾ, ಅಲ್ಲಿ ಗಾಳಿ ಜಾಸ್ತಿ" ಅಂದ.

ಬೌಕೆಯನ್ನು ಸೀಟಿನ ಮೇಲೆ ಕೂರಿಸಿದೆವು. ಪಾದವನ್ನು ಪೆಡಲ್ ಮೇಲೆ ನಾನೇ ಇಟ್ಟೆ. ಜಾರಿತು. ಮತ್ತೆ ಇಟ್ಟೆ. ವೂಟರ್ ತನ್ನ ಕೈಯಿಂದ ಮೊಣಕಾಲು ತಳ್ಳಿದ. ಎಲ್ಲರೂ ಬೇರೆ ಕಡೆ ನೋಡುತ್ತಾ ಕಾದರು. ಕಾಲು ಬರಲಿಲ್ಲ.

"ಹಿಂದಿನ ಬೆಂಚಲ್ಲಿ ಕೂತ್ಕೋತೀನಿ" ಅಂದ ಬೌಕೆ. ಅಲ್ಲಿ ಪೆಡಲ್ ಇಲ್ಲ. "ಸಾಮಾನು ಅಲ್ವಾ, ಹಿಂದೇನೇ ಇರ್ಬೇಕು."

ಅವನ ಜಾಗದಲ್ಲಿ ನಾನು ಕೂತೆ.

ನೋಡಲು ಏನೂ ಇರಲಿಲ್ಲ. ಗೋದಾಮು, ಮರಳಿನ ರಾಶಿ, ಹೊಸ ಫ್ಲಾಟುಗಳು. ಪೆಡಲ್ ಎಷ್ಟು ಭಾರ ಅಂತ ಗೊತ್ತಾಯಿತು. ಅಂಥ ಕಾಲು ಇಟ್ಟುಕೊಂಡು ಸೇತುವೆ ಹತ್ತಿಸಿದನಲ್ಲ. ಅಂಚೆಯವರು ಹಾಡಿದರು. ವೂಟರ್ ಏನೋ ಪೋಲಿ ಜೋಕು ಹೇಳಿದ. ನಾನು ನಕ್ಕೆ. ನಿಲ್ಲಿಸಲಾಗದೆ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಬಿಯರ್ ಕೂಡ ಕುಡಿದೆ.

ಖುಷಿಯಾಯಿತು. ಅದನ್ನೇ ಬರೆಯಬೇಕು ಅಂತ ಕೂತದ್ದು. ಒಂದು ಬೇಸಗೆ ಪೂರ್ತಿ, ನಮ್ಮ ಮನೆ ಬಾಗಿಲಲ್ಲೇ, ಅವನ ಪಕ್ಕದ ಸೀಟು ಖಾಲಿ ಇತ್ತು.


ಏಪ್ರಿಲ್ 22, ಭಾನುವಾರ

ಬೌಕೆಯ ದನಿ ಈಗ ಬಹಳ ಸಣ್ಣ. ಕಿವಿಯನ್ನು ಬಾಯಿಯ ಹತ್ತಿರ ಇಡಬೇಕು.

"ಮತ್ತೆ ಹೋಗೋಣ" ಅಂದ.

"ಎಲ್ಲಿಗೆ?"

"ಬಂಡಿ. ನೀನು ತುಳಿ. ನಾನು ನೋಡ್ತೀನಿ."

"ಏನಿದೆ ಅಲ್ಲಿ ನೋಡೋಕೆ, ಬರೀ ಗೋದಾಮು."

"ನೀನು ನಕ್ಕಿದ್ದು ನೋಡಿದೆ" ಅಂದ.

ಆಗ ಹೇಳಿದೆ. ಅವತ್ತು ಪರದೆಯ ಹಿಂದೆ ಇದ್ದೆ ಅಂತ. ಗೊತ್ತಿಲ್ಲದವರು ಅಂತ ಹೇಳಿದೆ ಅಂತ. ಅವನು ಕಣ್ಣು ಮುಚ್ಚಿಕೊಂಡಿದ್ದ. ಕೇಳಿಸಿತೋ, ನಿದ್ದೆಯೋ. ಎರಡನೆಯ ಸಲ ಹೇಳಲು ಬಾಯಿ ಬರಲಿಲ್ಲ.


ಮೇ 5, ಶನಿವಾರ

ಬಂಡಿ ಬುಕ್ ಆಗಿದೆ. ಬೌಕೆಗೆ ಬೆಳಗಿನಿಂದ ಸಣ್ಣ ಜ್ವರ, ಎದೆಯಲ್ಲಿ ಗೊರಗೊರ. ಡಾಕ್ಟರಿಗೆ ಫೋನ್ ಮಾಡಿದೆ. ಗಾಳಿಗೆ ಹೋಗುವುದು ಬೇಡ ಅಂದರು. ಆಮೇಲೆ ದನಿ ಇಳಿಸಿ, "ಅವರು ಏನಂತಾರೆ?" ಎಂದು ಕೇಳಿದರು.

ಅವನು ಏನಂತಾನೆ. ಜಾಕೆಟ್ಟು ಕೊಡು ಅಂತಾನೆ. ಕೊಟ್ಟೆ. ಗುಂಡಿ ಹಾಕಿದೆ. ಈ ಸಲ ಮುಖ ನೋಡುತ್ತಾ ಹಾಕಿದೆ.

ಕೆಳಗೆ ವೂಟರ್ ಬಂದ ಹಾಗಿದೆ. ಬೆಲ್ ಆಗುತ್ತಿದೆ. ಹೋಗುವುದೋ ಬೇಡವೋ, ಬಾಗಿಲು ತೆಗೆಯುವಷ್ಟರಲ್ಲಿ ನಾನು ಏನಾದರೂ ಒಂದು ತೀರ್ಮಾನ—