ಗದ್ದೆಮ್ಮನ ದವಡೆ

೧೨ ಡಿಸೆಂಬರ್ ೨೦೨೪, ಗುರುವಾರ. ಸಿಂಧನೂರು.

ವಾರದಿಂದ ಕಾಡುತ್ತಿದ್ದ ಗಂಟು ಇವತ್ತು ಬಿಚ್ಚಿತು!

ಮೆತ್ತಗಿನ ಊಟ ಬಂದ ಮೇಲೆ ಮನುಷ್ಯನ ದವಡೆ ಸಣ್ಣದಾಯಿತು ಎನ್ನುತ್ತಾರಲ್ಲ, ಅದರ ಗುರುತು ಇಲ್ಲಿಯೂ ಸಿಗಬಹುದೆಂದು ನನ್ನ ಊಹೆ. ಅದಕ್ಕೇ ಎರಡು ಊರಿನ ಹೆಂಗಸರ ದವಡೆ ಅಳೆಯುತ್ತಿದ್ದೇನೆ. ಖಡಕ್ ರೊಟ್ಟಿ ತಿಂದು ಬೆಳೆದ ಸಂತೆಕಲ್ಲೂರಿನವರದು ಅಗಲ, ಅನ್ನ ಉಂಡು ಬೆಳೆದ ಜವಳಗೇರಾದವರದು ಕಿರಿದು. ಆದರೆ ಜವಳಗೇರಾದ ಅರವತ್ತರ ಗದ್ದೆಮ್ಮ ಎಲ್ಲರನ್ನೂ ಮೀರಿಸಿದ್ದಳು. ಇವತ್ತು ಹೋಗಿ ಮತ್ತೆ ಅಳೆದೆ. ಅದೇ ಅಳತೆ. ನನ್ನ ಬಾಡಿದ ಮುಖ ನೋಡಿ ರೊಟ್ಟಿ ಕೊಟ್ಟಳು, ತಾನೂ ಒಂದನ್ನು ಕಟಕಟ ಕಡಿದಳು.

"ಯಮ್ಮಾ, ಹಲ್ಲು ನೋಯಂಗಿಲ್ಲೇನು?" ಎಂದೆ.

"ನನ್ನ ತವರು ಸಂತೆಕಲ್ಲೂರು ಬೇ. ಮದುವಿ ಆಗೋತನಕ ಅನ್ನ ಕಂಡಿದ್ದು ಹಬ್ಬಕ್ಕಷ್ಟ."

ಕುಣಿಯಬೇಕೆನಿಸಿತು. ಊರು ಯಾವುದೆಂದು ಎಲ್ಲರನ್ನೂ ಕೇಳಿದ್ದೆ, ತವರು ಯಾವುದೆಂದು ಒಬ್ಬಳನ್ನೂ ಕೇಳಿರಲಿಲ್ಲ. ಸಿಕ್ಕವರಿಗೆಲ್ಲ ನನ್ನ ತವರು ಮಸ್ಕಿ ಎಂದು ಹೇಳಿಕೊಂಡು ತಿರುಗುವ ನಾನೇ! ಇನ್ನು ನಲವತ್ತು ಹೆಂಗಸರ ಮನೆಗೆ ಮತ್ತೆ ಹೋಗಬೇಕು. ಹೋಗುತ್ತೇನೆ, ಖುಷಿಯಿಂದ.

ವಿಷಯ ತಿಳಿಸಿದಾಗ ಗದ್ದೆಮ್ಮ ಗಲ್ಲ ಸವರಿಕೊಂಡು ನಕ್ಕಳು. "ಗಂಡನ ಮನಿಗೆ ಬಂದು ನಲವತ್ತು ವರ್ಷ ಆತು. ದವಡಿ ಒಂದು ಇನ್ನೂ ತವರು ಬಿಟ್ಟಿಲ್ಲ ನೋಡು."