ಪ್ಲೇಗಮ್ಮನ ವ್ಯಾನು

೧೯-೧-೧೯೫೯, ಸೋಮವಾರ. ಬಂಗಾರಪೇಟೆ

ಬೆಳಿಗ್ಗೆ ಮತ್ತೆ ತಳ್ಳಿದ್ದೇ ಆಯಿತು. ಸರ್ಕಾರ ಮೈಕ್ರೊಸ್ಕೋಪ್ ಕೊಟ್ಟಿದೆ, ಸ್ಟವ್ ಕೊಟ್ಟಿದೆ, ಎರಡು ಗಿನಿಪಿಗ್ ಕೊಟ್ಟಿದೆ — ಸ್ಟಾರ್ಟ್ ಆಗುವ ವ್ಯಾನ್ ಮಾತ್ರ ಕೊಟ್ಟಿಲ್ಲ. ಡ್ರೈವರ್ ಆರುಮುಗಂ ಕೋಲಾರ ಚಿನ್ನದ ಗಣಿಯ ಕೋರಮಂಡಲ್‌ನವನು, ಮನೆಮಾತು ತಮಿಳು. ಒಳಗೆ ಮಹಾರಾಜನ ಹಾಗೆ ಕೂತು ಸ್ಟಿಯರಿಂಗ್ ಹಿಡಿಯುತ್ತಾನೆ. ತಳ್ಳುವುದು ನಾನು. ಆರ್ಡರಿನಲ್ಲಿ ಲ್ಯಾಬ್ ಟೆಕ್ನಿಶಿಯನ್ ಅಂತ ಇದೆ.

ಕಾಮಸಮುದ್ರದ ಕಡೆ ಇಲಿ ಬೀಳುತ್ತಿವೆಯಂತೆ. ಪ್ಲೇಗು ಇರಬಹುದು. ಕೋಲಾರದಿಂದ ಡಾಕ್ಟರು ಹೇಳಿ ಕಳಿಸಿದ್ದಾರೆ: ಸ್ಟ್ರೆಪ್ಟೊಮೈಸಿನ್ ಸೀಸೆ ಕಡಿಮೆ ಇವೆ, ಸ್ಲೈಡಿನಲ್ಲಿ ಕ್ರಿಮಿ ಕಂಡರೆ ಮಾತ್ರ ಇಂಜೆಕ್ಷನ್ ಕೊಡಿ. ಮೊದಲೆಲ್ಲ ಸ್ಲೈಡು ಬೆಂಗಳೂರಿಗೆ ಹೋಗಿ ರಿಪೋರ್ಟ್ ಬರುವಷ್ಟರಲ್ಲಿ ರೋಗಿಯ ತಿಥಿ ಮುಗಿದಿರುತ್ತಿತ್ತು. ಈಗ ವ್ಯಾನಿನಲ್ಲೇ ಅರ್ಧ ಗಂಟೆಯ ಕೆಲಸ. ವ್ಯಾನು ತಲುಪಿದರೆ.

೨೧-೧-೫೯, ಬುಧವಾರ. ಹುಣಸೆಕುಂಟೆ

ತಲುಪಿತು. ಸತ್ತ ಇಲಿ ಇದ್ದರೆ ಕೊಡಿ ಅಂತ ಮನೆಮನೆ ಕೇಳಿದೆ. ಊರಿನಲ್ಲಿ ಇಲಿಯೇ ಇಲ್ಲವಂತೆ! ಎಲ್ಲರ ಮನೆಯಲ್ಲೂ ರಾಗಿ ತುಂಬಿದೆ, ಇಲಿ ಇಲ್ಲ. ಪ್ಲೇಗು ಅಂತ ಗೊತ್ತಾದರೆ ಊರು ಬಿಡಿಸಿ ಹೊಲದ ಗುಡಿಸಲಿಗೆ ಹಾಕುತ್ತಾರೆಂಬ ಭಯ. ಪಟೇಲ ಬೈರಪ್ಪನ ಬಳಿ ಹೋದೆ.

"ನಮ್ಮೂರಾಗೆ ಇಲಿ ಇಲ್ಲ ಸಾಮಿ. ನೀವೇ ವ್ಯಾನಾಗೆ ತಂದಿದೀರಿ, ನಮ್ಮೋರು ನೋಡವ್ರೆ. ಅದೂ ಬಾಲ ಇಲ್ದಿರೋವು."

ಗಿನಿಪಿಗ್ ಯಾಕೆ ಅಂತ ವಿವರಿಸಲು ಹೋದೆ. ರೋಗಿಯ ರಸವನ್ನು ಅದಕ್ಕೆ ಚುಚ್ಚುತ್ತೇವೆ, ಅದಕ್ಕೂ ರೋಗ ಬಂದರೆ ಪ್ಲೇಗು ಖಾತ್ರಿ ಅಂದೆ. ವಿವರಿಸಿದಷ್ಟೂ ಕೆಟ್ಟಿತು.

"ಅಂದ್ರೆ ರೋಗಾನ ಅದರಾಗೆ ಸಾಕ್ತೀರಾ?" ಅಂದ. ಸುತ್ತ ಇದ್ದವರೆಲ್ಲ ಎರಡು ಹೆಜ್ಜೆ ಹಿಂದಕ್ಕೆ.

೨೨-೧-೫೯, ಗುರುವಾರ. ಮಧ್ಯಾಹ್ನ

ದಾಸರಪಲ್ಲಿ ಗಡಿಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕಾಲು ಸೋತಿದೆ. ಕೋಪ ಸೋತಿಲ್ಲ.

ಬೆಳಿಗ್ಗೆ ಬೈರಪ್ಪನ ಹೆಂಡತಿ ಕದಿರಮ್ಮ ಹಿತ್ತಿಲ ಬಾಗಿಲಿಂದ ಗುಟ್ಟಾಗಿ ಕರೆದಳು. ಸೊಸೆ ಪಾಪಕ್ಕನಿಗೆ ಜ್ವರ. ಮಗ ನಂದಿದುರ್ಗ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಾನೆ, ಸುದ್ದಿ ಮುಟ್ಟಿಲ್ಲ.

"ಕಂಕುಳಾಗೆ ಗಡ್ಡೆ ಎದ್ದೈತೆ ಸಾಮಿ. ಗಂಡುಸ್ರಿಗೆ ಎಂಗೆ ಏಳಾದು? ನಮ್ ಯಜಮಾನ್ರು ಬರೇ ಜರ ಅಂದ್ಕೊಂಡವ್ರೆ."

ಪಾಪಕ್ಕನಿಗೆ ಕಣ್ಣು ಬಿಡಲೂ ಆಗುತ್ತಿರಲಿಲ್ಲ. ಚಿಕ್ಕ ವಯಸ್ಸು. ಗಡ್ಡೆಗೆ ಸೂಜಿ ಹಾಕಿ ಒಂದು ತೊಟ್ಟು ತೆಗೆದು ಸ್ಲೈಡಿಗೆ ಸವರಿದೆ. ಅರ್ಧ ಗಂಟೆಯಲ್ಲಿ ಬರುತ್ತೇನೆ ಅಂತ ಹೇಳಿ ಅರಳಿಕಟ್ಟೆಗೆ ಓಡಿದೆ.

ವ್ಯಾನಿಲ್ಲ!

ನಿಂತಿದ್ದ ಜಾಗದಲ್ಲಿ ಜಜ್ಜಿದ ನಿಂಬೆಹಣ್ಣು, ಕುಂಕುಮ, ಬೇವಿನಸೊಪ್ಪು. ಕಟ್ಟೆಯ ಮೇಲಿದ್ದ ಮುದುಕಿ ಸಮಾಧಾನವಾಗಿ ಹೇಳಿದಳು: "ಅಮ್ಮನ್ನ ಗಡಿ ದಾಟ್ಸಕ್ಕೆ ಓದ್ರು." ರೋಗ ಬಂದರೆ ಪ್ಲೇಗಮ್ಮನನ್ನು ತಮಟೆ ಬಡಿದು ಪಕ್ಕದೂರಿನ ಗಡಿಗೆ ಬಿಟ್ಟು ಬರುವುದು ಇಲ್ಲಿಯ ಪದ್ಧತಿ. ಈ ಸಲ ಅಮ್ಮ ಸರ್ಕಾರಿ ವ್ಯಾನಿನಲ್ಲೇ ಬಂದಿದ್ದಾಳಂತೆ. ಮುಂದೆ ನಿಂತು ತಳ್ಳಿಸಿದವನು ಬೈರಪ್ಪ. ಅವನ ಸೊಸೆಯ ಔಷಧಿ ಅದರೊಳಗಿತ್ತು.

ದಾಸರಪಲ್ಲಿಗೆ ಓಡಿ ಬಂದರೆ — "ಈಗ್ತಾನೆ ಮರ್ಯಾದೆಯಾಗಿ ಕಳಿಸ್ಕೊಟ್ವಿ ಸಾಮಿ. ಕೋಳಿನೂ ಕುಯ್ದ್ವಿ." ಬಂಡೆಕೊತ್ತೂರಿನ ಕಡೆಗೆ. ಸ್ಲೈಡು ಜೇಬಿನಲ್ಲಿದೆ. ಆ ಹುಡುಗಿ ಅಲ್ಲಿ ಮಲಗಿದ್ದಾಳೆ. ಎದ್ದೆ.

ಅದೇ ದಿನ, ಸಂಜೆ

ಬಂಡೆಕೊತ್ತೂರಿನವರೂ ಕಳಿಸಿಕೊಟ್ಟಿದ್ದರು. ಈ ಊರುಗಳೆಲ್ಲ ಒಂದೇ ಕೆರೆಯ ಸುತ್ತ ಇವೆ. ದಿನವೆಲ್ಲ ಓಡಿ ಎಲ್ಲಿಗೆ ಬಂದೆ? ಹುಣಸೆಕುಂಟೆಯ ಇನ್ನೊಂದು ಗಡಿಗೆ! ಅರಳಿಕಟ್ಟೆಯ ಮೇಲೆ ನಿದ್ದೆ ಹೊಡೆದಿದ್ದರೂ ವ್ಯಾನು ತಾನಾಗಿ ಬರುತ್ತಿತ್ತು.

ಹಿಂದಿನಿಂದ ಬಂಡೆಕೊತ್ತೂರಿನವರು ಒಳಕ್ಕೆ ತಳ್ಳುತ್ತಿದ್ದಾರೆ. ಮುಂದಿನಿಂದ ಹುಣಸೆಕುಂಟೆಯವರು ಹೊರಕ್ಕೆ. ಮಧ್ಯೆ ಆರುಮುಗಂ, ಕೊರಳಲ್ಲಿ ಹಾರ, ಕೈಯಲ್ಲಿ ಬಾಳೆಹಣ್ಣು.

"ನಾನ್ ಎನ್ನ ಸಾರ್ ಪಣ್ಣುವೇನ್? ನಾನೇನ್ ಮಾಡ್ಲಿ? ಕೀ ನಿಮ್ಮ ಹತ್ರ. ಮೂರೂರು ಜನ ಫ್ರೀಯಾಗಿ ತಳ್ತಾರೆ, ಬೇಡ ಅನ್ನಕ್ಕಾಗುತ್ತಾ?"

ಒಳಗೆ ನುಗ್ಗಿ ಸ್ಲೈಡಿಗೆ ಬಣ್ಣ ಹಾಕಿದೆ. ಮೈಕ್ರೊಸ್ಕೋಪಿನಲ್ಲಿ ಪ್ರಪಂಚವೇ ಅಲುಗುತ್ತಿತ್ತು. ಕಿಟಕಿಯಿಂದ ತಲೆ ಹಾಕಿ ಕಿರುಚಿದೆ: "ಒಂದು ಗಳಿಗೆ ಯಾರೂ ತಳ್ಳಬೇಡಿ!" ಪಾಪ, ಎರಡೂ ಕಡೆಯವರು ನಿಲ್ಲಿಸಿ ಬೆವರು ಒರೆಸಿಕೊಂಡರು.

ಕಂಡಿತು. ನೀಲಿ ಕಡ್ಡಿಗಳು, ಎರಡು ತುದಿಯೂ ಕಪ್ಪು. ರಾಶಿ.

ಇಳಿದು ಬೈರಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದೆ. ಪ್ಲೇಗು. ನಿನ್ನ ಸೊಸೆಗೆ. ಔಷಧಿ ಈ ವ್ಯಾನಿನಲ್ಲೇ ಇದೆ.

ಅವನ ಕೈಯ ದೊಣ್ಣೆ ಕೆಳಗೆ ಬಿತ್ತು. ವ್ಯಾನಿನ ಮುಂದಿನಿಂದ ಹಿಂದಕ್ಕೆ ನಡೆದು ಬಂಡೆಕೊತ್ತೂರಿನವರ ನಡುವೆ ಹೆಗಲು ಕೊಟ್ಟ. ಔಷಧಿ ಪೆಟ್ಟಿಗೆ ನಾನೇ ಕೈಯಲ್ಲಿ ಹಿಡಿದು ಓಡುತ್ತೇನೆ ಅಂದೆ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

"ಬೈರಣ್ಣ, ಅಮ್ಮ ನಮ್ಮೂರಿಗೇ ಬತ್ತಾಳೆ ಕಣಣ್ಣೋ!" ಅಂತ ಅವನ ಕಡೆಯವರು ಕೂಗಿದರು.

"ಬರ್ಲಿ ಬಿಡ್ರಲಾ! ತಳ್ರೀ!"

ಅಮ್ಮನನ್ನು ತನ್ನೂರಿಗೇ ತಳ್ಳಿದ ಪಟೇಲ ಈ ಸೀಮೆಯಲ್ಲಿ ಇವನೊಬ್ಬನೇ ಇರಬೇಕು. ನಾನು ಪೆಟ್ಟಿಗೆ ಹಿಡಿದು ಮುಂದೆ ಓಡಿದೆ. ಇಂಜೆಕ್ಷನ್ ಕೊಟ್ಟೆ.

೨೩-೧-೫೯

ಜ್ವರ ಇಳಿದಿಲ್ಲ. ಊರು ಹೊಲಕ್ಕೆ ಹೋಗುತ್ತಿದೆ, ಬೈರಪ್ಪನೇ ಹೊರಡಿಸುತ್ತಿದ್ದಾನೆ. ಇಲಿಗಳೂ ಈಗ ಬುಟ್ಟಿಯಲ್ಲಿ ಬರುತ್ತಿವೆ. ನನಗೆ ಊಟ ಸೇರುತ್ತಿಲ್ಲ.

೨೭-೧-೫೯, ಮಂಗಳವಾರ. ಹೊಲದ ಗುಡಿಸಲು

ಪಾಪಕ್ಕ ಎದ್ದು ಕೂತಳು! ಗಂಜಿ ಕುಡಿದಳು. ನಾನು ವ್ಯಾನಿನ ಹಿಂದೆ ಹೋಗಿ ಒಬ್ಬನೇ ಅತ್ತೆ. ಆರುಮುಗಂ ನೋಡಿಬಿಟ್ಟ. ಕಣ್ಣಿಗೆ ಸ್ಪಿರಿಟ್ ಬಿತ್ತು ಅಂದೆ.

ಇವರಲ್ಲಿ ಮಾವ ಸೊಸೆ ನೇರ ಮಾತಾಡುವಂತಿಲ್ಲ, ಅವಳಿದ್ದ ಕಡೆ ಅವನು ಕಾಲಿಡುವಂತಿಲ್ಲ. ಎಲ್ಲ ಕದಿರಮ್ಮನ ಮೂಲಕ. ಅವಳು ಸೌದೆಗೆ ಹೋಗಿದ್ದಾಳೆ. ಆದ್ದರಿಂದ ನನ್ನ ಮೂಲಕ. ಬೈರಪ್ಪ ತಡಿಕೆಯ ಆಚೆ ಕುಕ್ಕರಗಾಲಲ್ಲಿ ಕೂತಿದ್ದಾನೆ.

"ಸಾಮಿ, ಗಂಜಿ ಕುಡುದ್ಲಾ ಕೇಳಿ."

ಅವಳಿಗೆ ಕೇಳಿಸಿದೆ. ಆದರೂ ನನಗೇ ಹೇಳುತ್ತಾಳೆ: "ಕುಡಿದೆ ಅಂತೇಳಿ."

"ಉಪ್ಪು ಸಾಕಾ ಕೇಳಿ."

"ಸಾಕು ಅಂತೇಳಿ."

ಇದಕ್ಕೇ ನಾನು ಲ್ಯಾಬ್ ಟ್ರೈನಿಂಗ್ ಮಾಡಿದ್ದು. ಆಮೇಲೆ ಅವಳೇ ಮೆಲ್ಲಗೆ ಅಂದಳು: "ಮಾವನ್ನ ಕೇಳಿ ಸಾಮಿ... ಅಷ್ಟು ದೂರ ತಳ್ಳವ್ರಂತೆ. ಎಗಲು ನೋವು ವಾಸಿ ಆಯ್ತಾ ಅಂತ."

ಆಚೆಗೆ ದಾಟಿಸೋಣ ಅಂತ ತಿರುಗಿದೆ. ಬೈರಪ್ಪ ಟವೆಲನ್ನು ಬಾಯಿಗೆ ಒತ್ತಿಕೊಂಡು, ತಡಿಕೆ ಸರಿಸಿ, ಒಳಕ್ಕೇ ಕಾಲಿಟ್ಟ.